ಆಳು ಯಾಕೆ ಬರಲಿಲ್ಲ? ಬಂದವರನ್ನೇ ಕೇಳಿ ನೋಡಿ

ಒಣಬೇಸಾಯದವನಿಗೆ ಮಳೆ ಎಷ್ಟು ಮುಖ್ಯವೋ, ಹದಕ್ಕೆ ಸರಿಯಾಗಿ ಆಳು ಬರುವುದೂ ಅಷ್ಟೇ ಮುಖ್ಯ. ನೀರಾವರಿಯವರು ಇವತ್ತಿನ ಕೆಲಸ ನಾಳೆ ಮಾಡಿದರೂ ನಡೆದೀತು. ನಮಗೆ ಹಾಗಲ್ಲ. ಎರೆ ಹೊಲ ನಾಲ್ಕು ದಿನ ಹದ ಹಿಡಿದುಕೊಂಡರೆ ಐದನೆಯ ದಿನ ಬಿರಿಯುತ್ತದೆ. ಕಸ ಒಂದು ವಾರ ಮೀರಿದರೆ ಸಜ್ಜೆಯೋ ಕಸವೋ ಗೊತ್ತಾಗುವುದಿಲ್ಲ. ಕಡಲೆ ಒಣಗಿ ನಿಂತ ಮೇಲೆ ಎರಡು ದಿನ ತಡವಾದರೆ ಕಾಯಿ ಉದುರಿ ಹೊಲದಲ್ಲೇ ಉಳಿಯುತ್ತದೆ. ಇಂಥ ಹೊತ್ತಿನಲ್ಲಿ ಎಂಟು ಮಂದಿ ಬರುತ್ತೇವೆ ಎಂದವರು ಐದೇ ಮಂದಿ ಬಂದರೆ ರೈತನ ಎದೆ ಒಡೆಯುತ್ತದೆ.

"ಈಗಿನ ಮಂದಿಗೆ ಮೈ ಬಗ್ಗೋದಿಲ್ಲ" ಅಂತ ಕಟ್ಟೆಯ ಮೇಲೆ ಕೂತು ಹೇಳುವುದು ಸುಲಭ. ಅದರಿಂದ ಹೊಲದ ಕಸ ಹೋಗುವುದಿಲ್ಲ. ನಾನು ರಾಯಚೂರು ಜಿಲ್ಲೆಯಲ್ಲಿ ಹದಿನಾಲ್ಕು ಎಕರೆ ಮಳೆಯಾಶ್ರಿತ ಹೊಲ ಮಾಡುವವನು. ತೊಗರಿ, ಹತ್ತಿ, ಬಿಳಿಜೋಳ, ಕಡಲೆ ನನ್ನ ಬೆಳೆ. ಓದಿದ್ದು ಏಳನೆಯ ಇಯತ್ತೆ. ಆದರೆ ಕೂಲಿ ಲೆಕ್ಕದ ಪುಸ್ತಕ ಇಟ್ಟು ಇಪ್ಪತ್ತು ವರ್ಷ ದಾಟಿದೆ. ಆ ಪುಸ್ತಕ ನನಗೆ ಕಲಿಸಿದ್ದನ್ನು ಇಲ್ಲಿ ಬರೆಯುತ್ತೇನೆ. ಮಾತು ಇಷ್ಟೇ: ಕೆಲಸದ ಜಾಗದಲ್ಲಿ ಮೈಗೆ ಪೆಟ್ಟಾಗದ ಹಾಗೆ ಏನು ಮಾಡಬೇಕು ಎಂಬುದನ್ನು ಕೆಲಸ ಮಾಡುವವರೇ ಕೂಡಿ ತೀರ್ಮಾನಿಸಿದರೆ, ತಪ್ಪಿಸಿಕೊಳ್ಳುವವರು ಕಡಿಮೆಯಾಗುತ್ತಾರೆ. ಪೂರಾ ನಿಲ್ಲುವುದಿಲ್ಲ, ಕಡಿಮೆಯಾಗುತ್ತದೆ. ಹೇಗೆ ಅಂತ ಮುಂದೆ ಓದಿ.

ಪುಸ್ತಕದ ಬಲಬದಿ

ಎಲ್ಲರ ಕೂಲಿ ಪುಸ್ತಕದಲ್ಲೂ ಹೆಸರು, ತಾರೀಕು, ರೊಕ್ಕ ಇರುತ್ತದೆ. ಬಾರದವರ ಮುಂದೆ ಒಂದು ಸೊನ್ನೆ. ನನ್ನ ಹೆಂಡತಿ ಆ ಸೊನ್ನೆಯ ಪಕ್ಕದಲ್ಲಿ ಕಾರಣ ಬರೆಯಲು ಶುರು ಮಾಡಿದಳು. ಮರುದಿನ ಬಂದಾಗ ಸಿಟ್ಟಿಲ್ಲದೆ ಕೇಳುವುದು, ಹೇಳಿದ್ದನ್ನು ಹೇಳಿದ ಹಾಗೆ ಬರೆಯುವುದು. "ಮಗಳಿಗೆ ಜ್ವರ." "ರೇಷನ್ ಬಂದಿತ್ತು." "ಅಂಗೈ ಬೊಕ್ಕೆ ಒಡೆದಾವ." "ಕಾಲಾಗ ಕೂಳಿ ಚುಚ್ಚಿತ್ತು." "ಟೊಂಕ ಎದ್ದಿಲ್ಲ." "ಕಣ್ಣು ಉರಿ, ತಲಿ ಸುತ್ತು."

ಒಂದು ಸುಗ್ಗಿ ಮುಗಿಯುವಷ್ಟರಲ್ಲಿ ಬಲಬದಿ ತುಂಬಿತು. ಓದಿ ನೋಡಿದರೆ ಕಾರಣ ಮೂರು ಗುಂಪಾಗಿ ಬೀಳುತ್ತವೆ. ಮೊದಲನೆಯದು ಮದುವೆ, ಜಾತ್ರೆ, ರೇಷನ್, ಮಕ್ಕಳ ಬೇನೆ. ಇದು ನಮ್ಮ ಕೈಯಲ್ಲಿಲ್ಲ. ಎರಡನೆಯದು ಬೇರೆ ಕಡೆ ಹತ್ತು ರೂಪಾಯಿ ಹೆಚ್ಚು ಸಿಕ್ಕಿತು ಎನ್ನುವುದು. ಮೂರನೆಯದು ನಮ್ಮ ಹೊಲದಲ್ಲೇ ಆದ ಗಾಯ, ನೋವು, ಉರಿ. ಈ ಮೂರನೆಯ ಗುಂಪಿನ ಮುಂದೆ ನಿಂತು ಯೋಚನೆ ಮಾಡಿ. ನಮ್ಮ ಹೊಲದಲ್ಲಿ ಹುಟ್ಟಿದ ಕಾರಣ ಅದು. ಅದಕ್ಕೆ ಮದ್ದೂ ನಮ್ಮ ಹೊಲದಲ್ಲೇ ಇರಬೇಕಲ್ಲವೇ?

ನೋವು ಎಲ್ಲಿ ಅಂತ ನೋವಾದವರಿಗೇ ಗೊತ್ತು

ನಮ್ಮಲ್ಲಿಗೆ ಬರುವ ಗುಂಪಿನಲ್ಲಿ ಎಂಟು ಹೆಣ್ಣುಮಕ್ಕಳು, ಹೊತ್ತು ಹಾಕಲು, ಎಣ್ಣೆ ಹೊಡೆಯಲು ಇಬ್ಬರು ಗಂಡಾಳು. ಗುಂಪಿಗೆ ಮುಂದಾಳು ಒಬ್ಬ ಹಿರಿಯ ಅಕ್ಕ. ಆಕೆಯ ಗಂಡನ ಬಲಗೈಯ ಮೂರು ಬೆರಳು ರಾಶಿ ಮಿಷನ್‌ನಲ್ಲಿ ಹೋಗಿವೆ. ಬೇರೆ ಊರಿನ ಕಣದಲ್ಲಿ ಆದದ್ದು. ಅವತ್ತಿನಿಂದ ಆತ ಕೂರಿಗೆ ಹಿಡಿಯಲಾರ, ಗಂಟು ಕಟ್ಟಲಾರ. ಮನೆ ಈಕೆಯ ಕೂಲಿಯ ಮೇಲೆ ನಡೆಯುತ್ತದೆ. ಹಾಗಾಗಿ ಸುರಕ್ಷತೆ ಎನ್ನುವುದು ಈಕೆಗೆ ಭಾಷಣದ ಮಾತಲ್ಲ.

ಒಂದು ದಿನ ಬುತ್ತಿ ಉಂಡ ಮೇಲೆ ಬೇವಿನ ಗಿಡದ ಕೆಳಗೆ ಕೂತಾಗ ಪುಸ್ತಕದ ಬಲಬದಿ ಓದಿ ಹೇಳಿದೆ. "ಇದರಾಗ ಯಾವುದು ಮೊದಲು ಸರಿ ಮಾಡಬೇಕು? ನೀವೇ ಹೇಳ್ರಿ" ಅಂದೆ. ಸ್ವಲ್ಪ ಹೊತ್ತು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಆ ಅಕ್ಕ, "ಯಣ್ಣಾ, ತೊಗರಿ ಕೂಳಿ ಮೊದಲು ನೋಡು" ಅಂದಳು.

ತೊಗರಿ ಕೊಯ್ಯುವವರಿಗೆ ಇದು ಗೊತ್ತು. ಕುಡಗೋಲು ಓರೆಯಾಗಿ ಎಳೆದರೆ ನೆಲದಲ್ಲಿ ಉಳಿಯುವ ಕೂಳೆ ಈಟಿಯ ಹಾಗೆ ಮೊನಚಾಗುತ್ತದೆ. ಒಣಗಿದ ಮೇಲೆ ಚಪ್ಪಲಿ ತೂರಿ ಅಂಗಾಲಿಗೆ ಹೋಗುತ್ತದೆ. ಸೂಡು ಹೊತ್ತವರಿಗೆ ಕಾಲ ಬುಡ ಕಾಣುವುದಿಲ್ಲ. ಅವರು ಹೇಳಿದ ದಾರಿ ಎರಡು. ಒಂದು, ಆದಷ್ಟು ನೆಲಕ್ಕೆ ಹತ್ತಿ ಮಟ್ಟಸವಾಗಿ ಕೊಯ್ಯುವುದು. ಎರಡು, ಸೂಡು ಹೊತ್ತು ನಡೆಯಲು ಹೊಲದ ನಡುವೆ ಎರಡು ಸಾಲು ಪೂರಾ ಕೂಳೆ ಕಿತ್ತು ದಾರಿ ಬಿಡುವುದು. ಇದಕ್ಕೆ ಖರ್ಚು ಎಷ್ಟು? ಇಬ್ಬರು ಅರ್ಧ ದಿನ ಕೂಳೆ ಕೀಳಬೇಕು, ಅಷ್ಟೇ.

ಎರಡನೆಯದು ಕಡಲೆ. ಕಡಲೆ ಗಿಡದ ಮೈಮೇಲೆ ಹುಳಿ ಇರುತ್ತದೆ. ಗಿಡ ತಾನೇ ಸುರಿಸುವ ಆಮ್ಲ ಅದು. ಬಿರಿದ ಕೈಗೆ ಅದು ತಾಗಿದರೆ ಮೆಣಸಿನಕಾಯಿ ಹಚ್ಚಿದ ಹಾಗೆ ಉರಿಯುತ್ತದೆ. ಮೂರು ದಿನ ಕಿತ್ತ ಮೇಲೆ ನಾಲ್ಕನೆಯ ದಿನ ಅಂಥವರು ಬರುವುದಿಲ್ಲ. ಬಿಳಿಜೋಳ ಕೀಳುವಾಗಲೂ ಅಷ್ಟೇ, ಬೊಕ್ಕೆ ಎದ್ದು ಒಡೆಯುತ್ತದೆ.

ನಮ್ಮ ಊರಿನ ಒಬ್ಬ ರೈತ ಇದಕ್ಕಾಗಿ ಪೇಟೆಯಿಂದ ದಪ್ಪ ರಬ್ಬರಿನ ಕೈಚೀಲ ತಂದ. ಮನಸ್ಸು ಒಳ್ಳೆಯದೇ. ಆದರೆ ಅದನ್ನು ಹಾಕಿಕೊಂಡರೆ ಜೋಳದ ಬುಡ ಹಿಡಿತಕ್ಕೆ ಸಿಗುವುದಿಲ್ಲ, ಬಿಸಿಲಿಗೆ ಒಳಗೆ ಬೆವರು ತುಂಬುತ್ತದೆ. ಎರಡು ದಿನ ಹಾಕಿ ಎಲ್ಲರೂ ಬದುವಿನ ಮೇಲೆ ಎಸೆದರು. ಆತ "ರೊಕ್ಕ ಕೊಟ್ಟು ತಂದರೂ ಬೇಡ ಅಂತಾರ" ಅಂತ ಸಿಟ್ಟಾದ. ನಮ್ಮ ಗುಂಪಿನವರು ಬೇರೆ ಮಾಡಿಕೊಂಡರು. ಹಳೆಯ ದಪ್ಪ ಬಟ್ಟೆಯನ್ನು ಅಂಗೈಗೆ ಬರುವ ಹಾಗೆ ಎರಡು ಪದರ ಹೊಲಿದು, ಬೆರಳ ತುದಿ ಬಿಟ್ಟು, ಮಣಿಕಟ್ಟಿಗೆ ದಾರ ಕಟ್ಟಿದರು. ಬಟ್ಟೆ, ದಾರ ನಮ್ಮದು; ಹೊಲಿಗೆ ಅವರದು. ಸಂಜೆ ಮನೆಗೆ ಹೋಗುವಾಗ ಕೈ ತೊಳೆದು ಹಚ್ಚಿಕೊಳ್ಳಲು ಒಂದು ಬಾಟಲಿ ಕೊಬ್ಬರಿ ಎಣ್ಣೆ ಇಟ್ಟೆವು.

ಇಲ್ಲಿ ಗಮನಿಸಬೇಕಾದದ್ದು ಕೈಚೀಲ ಅಲ್ಲ, ಅದನ್ನು ಆರಿಸಿದವರು ಯಾರು ಎಂಬುದು. ಮೇಲಿನಿಂದ ತಂದುಕೊಟ್ಟದ್ದು ಮೂಲೆ ಸೇರುತ್ತದೆ. ತಾವೇ ಬೇಕು ಎಂದು ಮಾಡಿಕೊಂಡದ್ದು ಕೈ ಸೇರುತ್ತದೆ. ಕೈ ಸೇರಿದರೆ ಮಾತ್ರ ಬೊಕ್ಕೆ ಕಡಿಮೆ, ಬೊಕ್ಕೆ ಕಡಿಮೆಯಾದರೆ ಮಾತ್ರ ನಾಲ್ಕನೆಯ ದಿನ ಆಳು.

ಬದುವಿನ ಮೇಲೆ ಕೆಂಪು ಬಟ್ಟೆ

"ಕಣ್ಣು ಉರಿ, ತಲಿ ಸುತ್ತು" ಎಂಬ ಕಾರಣ ಹತ್ತಿ, ತೊಗರಿಗೆ ಎಣ್ಣೆ ಹೊಡೆಯುವ ದಿನಗಳಲ್ಲೇ ಹೆಚ್ಚು. ವಿಚಿತ್ರವೆಂದರೆ ಎಣ್ಣೆ ಹೊಡೆದವರಿಗಷ್ಟೇ ಅಲ್ಲ, ಕಸ ತೆಗೆದ ಹೆಣ್ಣುಮಕ್ಕಳಿಗೂ ಹಾಗೇ ಆಗುತ್ತಿತ್ತು. ಅವರೇ ಬಿಡಿಸಿ ಹೇಳಿದರು: "ನಿನ್ನೆ ಸಂಜಿಗೆ ಎಣ್ಣಿ ಹೊಡದಿರ್ತಾರ, ಮುಂಜಾನಿ ನಾವು ಅದೇ ಹೊಲಕ್ಕ ಇಳಿತೀವಿ. ಯಾರ ಹೊಲದಾಗ ಯಾವಾಗ ಹೊಡದಾರ ನಮಗೇನು ಗೊತ್ತು?" ಅವರು ನಾಲ್ಕಾರು ರೈತರ ಹೊಲಕ್ಕೆ ಹೋಗುವವರು. ಮಾತು ನಿಜ. ಮುಂಜಾನೆಯ ಇಬ್ಬನಿಯಲ್ಲಿ ತೊಯ್ದ ಎಲೆ ಸೀರೆಗೆ, ಕೈಗೆ, ಮುಖಕ್ಕೆ ಸವರುತ್ತದೆ. ಕ್ರಿಮಿನಾಶಕ ಬಾಯಿಂದ, ಮೂಗಿನಿಂದ ಮಾತ್ರ ಒಳಗೆ ಹೋಗುವುದು ಅಂತ ಬಹಳ ಮಂದಿ ತಿಳಿದಿದ್ದಾರೆ. ಹೊಲದಲ್ಲಿ ಹೆಚ್ಚಿನ ಪಾಲು ಹೋಗುವುದು ಚರ್ಮದ ಮೂಲಕ.

ಅವರೇ ಸೂಚಿಸಿದ ಉಪಾಯ: ಎಣ್ಣೆ ಹೊಡೆದ ಹೊಲದ ಬದುವಿನಲ್ಲಿ ಕೋಲಿಗೆ ಕೆಂಪು ಬಟ್ಟೆ ಕಟ್ಟುವುದು. ಬಟ್ಟೆ ಇದ್ದಷ್ಟು ದಿನ ಯಾರೂ ಒಳಗೆ ಇಳಿಯಬಾರದು. ಎಷ್ಟು ದಿನ ಎಂಬುದನ್ನು ಡಬ್ಬಿಯ ಜೊತೆ ಬರುವ ಚೀಟಿ ಓದಿ, ಅಂಗಡಿಯವನನ್ನೂ ಕೃಷಿ ಸಹಾಯಕರನ್ನೂ ಕೇಳಿ ತೀರ್ಮಾನಿಸುತ್ತೇವೆ. ಓದಲು ಬಾರದವರಿಗೂ ಕೆಂಪು ಬಟ್ಟೆ ಅರ್ಥವಾಗುತ್ತದೆ. ಈಗ ನಮ್ಮ ಸುತ್ತ ನಾಲ್ಕು ರೈತರು ಇದನ್ನೇ ಮಾಡುತ್ತಿದ್ದಾರೆ.

ಎಣ್ಣೆ ಹೊಡೆಯುವ ಇಬ್ಬರೂ ತಮ್ಮ ಷರತ್ತು ಹಾಕಿದರು. ಸೋರುವ ಪಂಪು ಬೆನ್ನಿಗೆ ಏರಿಸುವುದಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಹೊಡೆಯುವುದಿಲ್ಲ. ಗಾಳಿ ಎದುರಿಗೆ ಬಂದರೆ ನಿಲ್ಲಿಸುತ್ತೇವೆ. ನಾಜಲ್ ಕಟ್ಟಿಕೊಂಡರೆ ಬಾಯಿಂದ ಊದುವುದಿಲ್ಲ, ಕಡ್ಡಿ, ನೀರು ಪಕ್ಕದಲ್ಲೇ ಇರಬೇಕು. ತಂಬಾಕು ಹಾಕುವ ಮುಂಚೆ ಸಾಬೂನಿನಿಂದ ಕೈ ತೊಳೆಯಲು ಒಂದು ಕೊಡ ನೀರು ಬೇರೆ ಇಡಬೇಕು. ಎಣ್ಣೆ ಹೊಡೆದ ಅಂಗಿ ಮನೆಯ ಬಟ್ಟೆಯ ಜೊತೆ ಒಗೆಯಬಾರದು. ಒಪ್ಪಿದೆ. ಇದರಿಂದ ದಿನಕ್ಕೆ ಎಕರೆ ಕಡಿಮೆಯಾಗುತ್ತದೆ ಎನ್ನುವುದು ನಿಜ. ಆದರೆ ಹೊಡೆದವನು ಮರುದಿನ ಮಲಗಿದರೆ ಆ ಎಕರೆಯೂ ಇಲ್ಲ.

ಇದು ಸಣ್ಣ ಮಾತಲ್ಲ. 2017ರ ಮಳೆಗಾಲದಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಕ್ರಿಮಿನಾಶಕ ಹೊಡೆಯುವಾಗ ವಿಷ ತಗುಲಿ 20ಕ್ಕೂ ಹೆಚ್ಚು ಮಂದಿ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ರೈತರೂ ಇದ್ದರು, ಕೂಲಿಗೆ ಹೊಡೆಯಲು ಹೋದವರೂ ಇದ್ದರು. ಆ ವರ್ಷ ಹತ್ತಿ ಆಳೆತ್ತರ ಬೆಳೆದಿತ್ತು, ಹೊಡೆದದ್ದು ಮುಖಕ್ಕೇ ಬರುತ್ತಿತ್ತು. ನಮ್ಮ ತೊಗರಿಯೂ ಹೂವಿಗೆ ಬರುವಾಗ ತಲೆ ಮೀರಿರುತ್ತದೆ ಎಂಬುದನ್ನು ನೆನಪಿಡಿ.

ಡಬ್ಬಿಯ ಮೇಲಿನ ತ್ರಿಕೋನದ ಬಣ್ಣವನ್ನು ಗುಂಪಿನ ಎಲ್ಲರಿಗೂ ತೋರಿಸಿದ್ದೇವೆ. ಕೆಂಪು ಎಂದರೆ ಎಲ್ಲಕ್ಕಿಂತ ಘೋರ ವಿಷ. ಆಮೇಲೆ ಹಳದಿ, ಆಮೇಲೆ ನೀಲಿ. ಹಸಿರು ಇದ್ದದ್ದರಲ್ಲಿ ಕಡಿಮೆ, ಆದರೂ ವಿಷವೇ. ಯಾರಿಗಾದರೂ ಬೆವರು ಸುರಿದು, ಬಾಯಲ್ಲಿ ಜೊಲ್ಲು ಬಂದು, ಕಣ್ಣು ಮಂಜಾಗಿ, ಮೈ ನಡುಗಿದರೆ ಅಂಗಿ ಕಳಚಿ, ಸಾಬೂನಿನಿಂದ ಮೈ ತೊಳೆದು, ಡಬ್ಬಿ ಸಮೇತ ಆಸ್ಪತ್ರೆಗೆ ಒಯ್ಯಬೇಕು. ಯಾವ ವಿಷ ಎಂದು ಗೊತ್ತಾದರೆ ಡಾಕ್ಟರಿಗೆ ಮದ್ದು ಕೊಡುವುದು ಸುಲಭ.

ಮಿಷನ್ ನಿಲ್ಲಿಸುವ ಮಾತು

ರಾಶಿಯ ಹೊತ್ತಿಗೆ ಬಾಡಿಗೆ ಮಿಷನ್ ಬರುತ್ತದೆ. ತಾಸಿನ ಲೆಕ್ಕ. ಹಾಗಾಗಿ ಎಲ್ಲರಿಗೂ ಗಡಿಬಿಡಿ. ರಾತ್ರಿಯಾದರೂ ಬಿಡುವುದಿಲ್ಲ. ಬೆರಳು, ಕೈ ಹೋಗುವುದು ಇಂಥ ಹೊತ್ತಿನಲ್ಲೇ. ಸೂಡು ಹಾಕುವ ಬಾಯಿ ಗಿಡ್ಡ ಇದ್ದರೆ ಕೈ ಸೂಡಿನ ಜೊತೆಗೇ ಒಳಗೆ ಎಳೆದುಕೊಳ್ಳುತ್ತದೆ. ನಮ್ಮ ದೇಶದ ಮಾನಕ ಸಂಸ್ಥೆ ಹೇಳುವ ಅಳತೆಯ ಪ್ರಕಾರ ಈ ಬಾಯಿ ಕಡೇ ಪಕ್ಷ 90 ಸೆಂಟಿಮೀಟರ್ ಉದ್ದ ಇರಬೇಕು, ಅದರಲ್ಲಿ 45 ಸೆಂಟಿಮೀಟರ್ ಮೇಲಿನಿಂದ ಮುಚ್ಚಿರಬೇಕು. ಎಂದರೆ ಕೈ ಎಷ್ಟು ಚಾಚಿದರೂ ಹಲ್ಲಿಗೆ ಸಿಗಬಾರದು. ಪಂಜಾಬ, ಹರಿಯಾಣದ ಕಡೆ ಗೋಧಿ ರಾಶಿಯಲ್ಲಿ ಬಹಳ ಮಂದಿ ಕೈ ಕಳೆದುಕೊಂಡ ಮೇಲೆ 1983ರಲ್ಲಿ ಕೇಂದ್ರ ಸರ್ಕಾರ ಅಪಾಯಕಾರಿ ಯಂತ್ರಗಳ ಕಾಯಿದೆ ಮಾಡಿತು. ರಾಶಿ ಮಿಷನ್ನನ್ನು ಅದರಲ್ಲಿ ಹೆಸರಿಟ್ಟೇ ಹೇಳಿದೆ.

ಕಾಯಿದೆ ಕಾಗದದಲ್ಲಿ ಇರುತ್ತದೆ, ಮಿಷನ್ ಕಣದಲ್ಲಿ ಇರುತ್ತದೆ. ನಡುವೆ ಇರುವವರು ಸೂಡು ಹಾಕುವವರು. ಅವರ ಜೊತೆ ಕೂತು ನಾವು ಮಾಡಿಕೊಂಡ ಒಪ್ಪಂದ ಹೀಗಿದೆ. ಗುಂಪಿನ ಯಾರು "ನಿಲ್ಲಿಸು" ಅಂದರೂ ಮಿಷನ್ ನಿಲ್ಲಬೇಕು. ಯಾಕೆ ಎಂದು ಆಮೇಲೆ ಕೇಳಬೇಕು. ಸೆರಗು ಬಿಗಿದು ಕಟ್ಟಿ ಮೇಲೆ ಗಂಡಸರ ಅಂಗಿ ತೊಡಬೇಕು, ಬಳೆ ಸರಿಸಿ ಕಟ್ಟಬೇಕು. ಒಬ್ಬರೇ ತಾಸುಗಟ್ಟಲೆ ಬಾಯಿಗೆ ಸೂಡು ಹಾಕುವುದಿಲ್ಲ, ಸರದಿ ಬದಲಾಗಬೇಕು. ಕುಡಿದವರು ಕಣಕ್ಕೆ ಬರುವಂತಿಲ್ಲ, ಅದು ಯಾರೇ ಇರಲಿ. ಬೆಲ್ಟಿನ ಮೇಲೆ ಜಾಳಿಗೆ ಇಲ್ಲದ ಮಿಷನ್ ಹಚ್ಚುವುದಿಲ್ಲ.

ಹೋದ ಸುಗ್ಗಿಯಲ್ಲಿ ಇದರ ಪರೀಕ್ಷೆಯಾಯಿತು. ಬಂದ ಮಿಷನ್ನಿನ ಬೆಲ್ಟಿಗೆ ಜಾಳಿಗೆ ಇರಲಿಲ್ಲ. ಮುಂದಾಳು ಅಕ್ಕ ಸೂಡು ಕೆಳಗಿಟ್ಟು, "ಇದನ್ನ ಹಿಂಗ ಹಚ್ಚಬ್ಯಾಡ್ರಿ" ಅಂದಳು. ಡ್ರೈವರ್ ತಮ್ಮ, "ಎಲ್ಲಾ ಊರಾಗ ಹಿಂಗ ನಡದೈತಿ, ನೀವೇನು ಹೊಸಾದು ಹೇಳ್ತೀರಿ?" ಅಂತ ಗೊಣಗಿದ. ಆಕೆ ಜಾಸ್ತಿ ಮಾತಾಡಲಿಲ್ಲ. "ನಮ್ಮ ಮನಿಯಾಗ ಒಬ್ಬರ ಕೈ ಕೊಟ್ಟೀವಪಾ, ಸಾಕು" ಅಂದಳು. ಡ್ರೈವರ್ ತಲೆ ತಗ್ಗಿಸಿದ. ಊರಿಗೆ ಹೋಗಿ ಜಾಳಿಗೆ ತಂದು ಬಿಗಿಯಲು ಒಂದು ತಾಸು ಹಿಡಿಯಿತು. ಮೋಡ ಬೇರೆ ಕವಿದಿತ್ತು, ನನ್ನ ಜೀವ ಕೈಯಲ್ಲಿತ್ತು. ಆದರೂ ಸುಮ್ಮನಿದ್ದೆ. ಮಾತು ಕೊಟ್ಟ ಮೇಲೆ ಮೋಡ ನೋಡಿ ಬದಲಾಯಿಸಲು ಬರುವುದಿಲ್ಲ. ಮರುದಿನ ಉಳಿದ ರಾಶಿಗೆ ಗುಂಪಿನ ಒಬ್ಬರೂ ತಪ್ಪಿಸಲಿಲ್ಲ. ಅದೇ ವಾರ ಬೇರೆ ಕಣದವರು ಹೆಚ್ಚು ಕೂಲಿ ಕೊಡುತ್ತೇನೆ ಎಂದು ಕರೆದಿದ್ದರು ಅಂತ ಆಮೇಲೆ ಗೊತ್ತಾಯಿತು.

ಜೋಳದ ಸೂಡು ಎತ್ತುವಾಗಿನ ಎಚ್ಚರವೂ ಅವರದೇ. ಕೆಳಗೆ ಹಾವು ಸೇರಿರುತ್ತದೆ. ಮೊದಲು ಕೋಲಿನಿಂದ ಸೂಡು ಹೊರಳಿಸಿ, ಆಮೇಲೆ ಕೈ ಹಾಕಬೇಕು. ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು, ಮಂತ್ರ ಹಾಕಿಸುವುದು ಬೇಡ, ನೇರ ಆಸ್ಪತ್ರೆ. ವಿಷಕ್ಕೆ ಮದ್ದು ಅಲ್ಲಿಯ ಚುಚ್ಚುಮದ್ದು ಒಂದೇ. 2024ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಎಂದು ಸಾರಿತು. ಹೊಲದ ಕೆಲಸದಲ್ಲಿ ಇದು ಎಷ್ಟು ದೊಡ್ಡ ಅಪಾಯ ಎಂಬುದಕ್ಕೆ ಅದೇ ಸಾಕ್ಷಿ.

ಗಂಡಸರ ಮುಂದೆ ಬಾರದ ಮಾತು

ಒಂದು ಕಾರಣ ನನ್ನ ಪುಸ್ತಕದಲ್ಲಿ ಬರಲೇ ಇಲ್ಲ. ಅದನ್ನು ಅವರು ಹೇಳಿದ್ದು ನನ್ನ ಹೆಂಡತಿಗೆ. ಬಯಲು ಹೊಲ, ಮರೆ ಇಲ್ಲ. ಮರೆ ಇಲ್ಲವೆಂದು ಹೆಣ್ಣುಮಕ್ಕಳು ಇಡೀ ದಿನ ನೀರು ಕುಡಿಯುವುದಿಲ್ಲ. ಬಿಸಿಲಲ್ಲಿ ಬೆವರಿ, ನೀರು ಕುಡಿಯದೆ, ಉರಿಮೂತ್ರ ಹಚ್ಚಿಕೊಂಡು ಎರಡು ದಿನ ಮಲಗುತ್ತಾರೆ. ಕೇಳಿದರೆ "ಆರಾಮ ಇರಲಿಲ್ಲ" ಅಂತಾರೆ, ಅಷ್ಟೇ. ಬದುವಿನ ಮೂಲೆಯಲ್ಲಿ ನಾಲ್ಕು ಕೋಲು ನೆಟ್ಟು ಹಳೆಯ ಸೀರೆ ಸುತ್ತಿದೆವು. ಒಂದು ಕೊಡ ನೀರು ಅಲ್ಲಿ, ಕುಡಿಯುವ ನೀರಿನ ಕೊಡ ನೆರಳಲ್ಲಿ. ಎಲ್ಲಿ ನೆಡಬೇಕು ಎಂದು ಹೇಳಿದವರೂ ಅವರೇ. ನಾನು ಆರಿಸಿದ್ದರೆ ದಾರಿಗೆ ಹತ್ತಿರವಾಗುವ ಕಡೆ ನೆಡುತ್ತಿದ್ದೆನೋ ಏನೋ. ಅವರಿಗೆ ದಾರಿಯಿಂದ ದೂರ ಬೇಕಿತ್ತು.

ಸುರಕ್ಷತೆ ಎಂದರೆ ಕೈಕಾಲು ಉಳಿಯುವುದು ಮಾತ್ರವಲ್ಲ. ಮಾನ ಉಳಿಯುವುದೂ ಅದರಲ್ಲಿ ಸೇರಿದೆ. ನಿಮ್ಮ ಗುಂಪಿನಲ್ಲಿ ಹೆಣ್ಣುಮಕ್ಕಳಿದ್ದರೆ ಕೇಳುವ ಕೆಲಸ ಮನೆಯ ಹೆಣ್ಣುಮಕ್ಕಳಿಗೆ ಬಿಡಿ.

ಕಾರ್ಖಾನೆಯವರು ಕಲಿತದ್ದು

ಇದು ನಮ್ಮ ಊರಿನ ಹೊಸ ಶೋಧವೇನಲ್ಲ. 1984ರ ಡಿಸೆಂಬರಿನಲ್ಲಿ ಭೋಪಾಲದ ವಿಷಾನಿಲ ದುರಂತವಾದ ಮೇಲೆ, 1987ರಲ್ಲಿ ಕಾರ್ಖಾನೆ ಕಾಯಿದೆ ತಿದ್ದಿದರು. ಅಪಾಯದ ಕೆಲಸ ಇರುವ ಕಾರ್ಖಾನೆಯಲ್ಲಿ ಸುರಕ್ಷಾ ಸಮಿತಿ ಇರಬೇಕು, ಅದರಲ್ಲಿ ಮಾಲೀಕರ ಕಡೆಯವರೂ ಕಾರ್ಮಿಕರ ಕಡೆಯವರೂ ಸರಿಸಮ ಇರಬೇಕು ಎಂದು ಬರೆದರು. 2020ರ ಹೊಸ ಸಂಹಿತೆಯಲ್ಲೂ ಸುರಕ್ಷಾ ಸಮಿತಿಯ ಮಾತಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2001ರಲ್ಲಿ ಕೃಷಿ ಕೆಲಸಕ್ಕೇ ಎಂದು 184ನೆಯ ಒಡಂಬಡಿಕೆ ಮಾಡಿತು. ಹೊಲದಲ್ಲಿ ದುಡಿಯುವವರಿಗೆ ಅಪಾಯ ಏನೆಂದು ತಿಳಿಸಬೇಕು, ಅವರನ್ನು ಕೇಳಬೇಕು, ಜೀವಕ್ಕೆ ಕುತ್ತು ಬಂದೀತು ಅನ್ನಿಸಿದರೆ ಕೆಲಸ ಬಿಟ್ಟು ದೂರ ಸರಿಯುವ ಹಕ್ಕು ಅವರಿಗೆ ಇರಬೇಕು ಎಂದು ಅದರಲ್ಲಿದೆ. ನಮ್ಮ ಅಕ್ಕ ಸೂಡು ಕೆಳಗಿಟ್ಟದ್ದು ಅದೇ ಹಕ್ಕು. ಆಕೆ ಅದನ್ನು ಓದಿಲ್ಲ.

ಕಾರ್ಖಾನೆಯಲ್ಲಿ ದುಡಿಯುವ ನನ್ನ ಮಗ ಇನ್ನೊಂದು ಹೇಳಿದ. ಅಮೆರಿಕದ ಅಲ್ಕೋವಾ ಎಂಬ ಅಲ್ಯೂಮಿನಿಯಂ ಕಂಪನಿಗೆ 1987ರಲ್ಲಿ ಪಾಲ್ ಓ'ನೀಲ್ ಎಂಬವರು ಮುಖ್ಯಸ್ಥರಾಗಿ ಬಂದರು. ಲಾಭದ ಮಾತಿಗಿಂತ ಮೊದಲು ಕಾರ್ಮಿಕರ ಸುರಕ್ಷತೆ ಎಂದರು. ಅಪಾಯ ಕಂಡರೆ ಮೇಲಿನವರಿಗೆ ನೇರ ಹೇಳಿ ಎಂದು ಕೆಳಗಿನ ಕಾರ್ಮಿಕರಿಗೂ ದಾರಿ ಬಿಟ್ಟರು. ಗಾಯದಿಂದ ಕೆಲಸ ತಪ್ಪುವ ಪ್ರಮಾಣ ನೂರು ಕಾರ್ಮಿಕರಿಗೆ 1.86 ಇದ್ದದ್ದು 2000ದ ಹೊತ್ತಿಗೆ 0.2ಕ್ಕೆ ಇಳಿಯಿತು. ಲಾಭವೂ ಹೆಚ್ಚಿತು. ಅಷ್ಟು ದೊಡ್ಡ ಕಾರ್ಖಾನೆಗೂ ನಮ್ಮ ಹದಿನಾಲ್ಕು ಎಕರೆಗೂ ಹೋಲಿಕೆ ಇಲ್ಲ. ಆದರೆ ಮನುಷ್ಯನ ಮೈ ಎರಡೂ ಕಡೆ ಒಂದೇ.

ಕಡಿಮೆಯಾದದ್ದು ಯಾವುದು, ಆಗದ್ದು ಯಾವುದು

ನನ್ನದು ಒಂದೇ ಹೊಲದ ಪುಸ್ತಕ. ಒಂದು ವರ್ಷದ ಮಳೆ ಇನ್ನೊಂದು ವರ್ಷಕ್ಕಿಲ್ಲ. ಹಾಗಾಗಿ ಶೇಕಡಾ ಇಷ್ಟು ಅಂತ ಲೆಕ್ಕ ಕೊಟ್ಟು ನಿಮ್ಮನ್ನು ನಂಬಿಸಲು ಹೋಗುವುದಿಲ್ಲ. ಬಲಬದಿ ತೋರಿಸುವುದನ್ನು ಮಾತ್ರ ಹೇಳುತ್ತೇನೆ.

ಗಾಯ, ಬೊಕ್ಕೆ, ಉರಿಯ ಕಾರಣಕ್ಕೆ ತಪ್ಪಿಸುವುದು ಚೆನ್ನಾಗಿ ಇಳಿದಿದೆ. ಇದರಲ್ಲಿ ಸಣ್ಣ ಗಾಯವನ್ನು ಅಂದೇ ಹೇಳುವುದರ ಪಾಲು ದೊಡ್ಡದು. ಕುರ್ಪಿ ತಾಗಿದರೆ ಕೂಡಲೇ ಸಾಬೂನು ನೀರಿನಲ್ಲಿ ತೊಳೆದು ಬಟ್ಟೆ ಕಟ್ಟಿ, ಆಸ್ಪತ್ರೆಗೆ ಹೋಗಿ ಧನುರ್ವಾಯು ಚುಚ್ಚುಮದ್ದು ಹಾಕಿಸಿದರೆ ಅದು ಬಾತು ನಾಲ್ಕು ದಿನ ಮಲಗಿಸುವುದಿಲ್ಲ. ಹೇಳಿದರೆ ಬೈಯುವುದಿಲ್ಲ ಎಂದು ಗೊತ್ತಿದ್ದರೆ ಮಾತ್ರ ಹೇಳುತ್ತಾರೆ.

ಹತ್ತು ರೂಪಾಯಿ ಹೆಚ್ಚಿಗೆ ಬೇರೆ ಕಡೆ ಹೋಗುವುದೂ ಸ್ವಲ್ಪ ಇಳಿದಿದೆ. ಪೂರಾ ಅಲ್ಲ. ಐವತ್ತು ರೂಪಾಯಿ ಹೆಚ್ಚು ಎಂದರೆ ಹೋಗುತ್ತಾರೆ, ಹೋಗಲೇಬೇಕು, ಅವರಿಗೂ ಹೊಟ್ಟೆ ಇದೆ. ಕೂಲಿ ಕಡಿಮೆ ಕೊಟ್ಟು ಕೈಚೀಲ ಕೊಟ್ಟರೆ ನಡೆಯುವುದಿಲ್ಲ.

ಮದುವೆ, ಜಾತ್ರೆ, ಮಕ್ಕಳ ಬೇನೆ ಹಾಗೇ ಇದೆ. ಆದರೆ ಒಂದು ಬದಲು. ಮುಂಚೆ ಹೇಳದೆ ತಪ್ಪಿಸುತ್ತಿದ್ದವರು ಈಗ ಹಿಂದಿನ ಸಂಜೆಯೇ ಹೇಳುತ್ತಾರೆ, ತಮ್ಮ ಬದಲು ನಾದಿನಿಯನ್ನೋ ಸೊಸೆಯನ್ನೋ ಕಳಿಸುತ್ತಾರೆ. ಒಣಬೇಸಾಯದವನಿಗೆ ಇದೇ ದೊಡ್ಡ ಲಾಭ. ಬಾರದಿರುವುದಕ್ಕಿಂತ ಹೇಳದೆ ಬಾರದಿರುವುದು ಹೆಚ್ಚು ಕೆಡಿಸುತ್ತದೆ.

ಬಹುಮಾನದ ಬಲೆಗೆ ಬೀಳಬೇಡಿ

ಕೆಲವರು ಬೇರೆ ದಾರಿ ಹಿಡಿಯುತ್ತಾರೆ. ತಿಂಗಳು ಪೂರಾ ತಪ್ಪಿಸದವರಿಗೆ ಬಹುಮಾನ, ತಪ್ಪಿಸಿದರೆ ಕಡಿತ. ಪುಸ್ತಕದಲ್ಲಿ ಹಾಜರಿ ಚೆನ್ನಾಗಿ ಕಾಣುತ್ತದೆ. ಆದರೆ ಜ್ವರ ಬಂದವರೂ ಬಹುಮಾನದ ಆಸೆಗೆ ಬರುತ್ತಾರೆ, ಗಾಯ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾರೆ. ತೂಕಡಿಸುವ ಕೈ ಮಿಷನ್ನಿನ ಬಾಯಿ ಹತ್ತಿರ ಹೋಗುತ್ತದೆ. ದಿನಗೂಲಿಯವರಿಗೆ ಬಾರದಿದ್ದರೆ ಅಂದಿನ ರೊಕ್ಕ ಇಲ್ಲವೇ ಇಲ್ಲ. ಅಷ್ಟಿದ್ದೂ ಒಬ್ಬರು ಬರಲಿಲ್ಲ ಎಂದರೆ ಏನೋ ಗಟ್ಟಿ ಕಾರಣ ಇದೆ ಎಂದೇ ಮೊದಲು ತಿಳಿಯಬೇಕು. ಹಾಗೆಯೇ ಎಲ್ಲರೂ ಬಂದಿದ್ದಾರೆ ಎಂದ ಮಾತ್ರಕ್ಕೆ ಎಲ್ಲರೂ ಆರಾಮ ಇದ್ದಾರೆ ಅಂತಲ್ಲ. ಹಾಜರಿ ನೋಡಬೇಡಿ, ಕಾರಣ ನೋಡಿ.

"ಹಿಂಗ ಮಾಡಿ ಆಳು ಕೆಡಿಸ್ತೀಯಪ್ಪ" ಅಂತ ನನಗೆ ಹೇಳಿದವರಿದ್ದಾರೆ. ಅವರಿಗೆ ನನ್ನ ಉತ್ತರ ಒಂದೇ. ಬಟ್ಟೆ, ದಾರ, ಕೊಬ್ಬರಿ ಎಣ್ಣೆ, ಸಾಬೂನು, ನಾಲ್ಕು ಕೋಲು, ಕೆಂಪು ಬಟ್ಟೆ, ಅರ್ಧ ದಿನದ ಕೂಳೆ ಕೀಳುವ ಕೂಲಿ. ಇಷ್ಟರ ಖರ್ಚನ್ನೂ, ಹದ ತಪ್ಪಿ ಹೋದ ಒಂದು ಎಕರೆ ಕಡಲೆಯ ಬೆಲೆಯನ್ನೂ ಪಕ್ಕಪಕ್ಕ ಬರೆದು ನೋಡಿ.

ನೀವು ಶುರು ಮಾಡುವುದಾದರೆ

ಮೊದಲು ಕೂಲಿ ಪುಸ್ತಕದಲ್ಲಿ ಕಾರಣದ ಜಾಗ ಬಿಡಿ. ಒಂದು ಬೆಳೆ ಮುಗಿಯುವ ತನಕ ಬರೀ ಬರೆಯಿರಿ, ವಾದ ಬೇಡ. ಆಮೇಲೆ ಗುಂಪಿನ ಜೊತೆ ಕೂತು ಓದಿ. ಯಾವುದು ಮೊದಲು ಎಂದು ಅವರೇ ಹೇಳಲಿ. ಅವರು ಹೇಳಿದ್ದರಲ್ಲಿ ಒಂದನ್ನಾದರೂ ಎಂಟು ದಿನದೊಳಗೆ ಮಾಡಿ ತೋರಿಸಿ. ಮಾಡಲಾಗದ್ದು ಇದ್ದರೆ ಯಾಕೆ ಆಗದು ಎಂದು ಬಾಯಿಬಿಟ್ಟು ಹೇಳಿ. ಕೇಳಿ ಸುಮ್ಮನಾಗುವುದು ಕೇಳದಿರುವುದಕ್ಕಿಂತ ಕೆಟ್ಟದ್ದು. ಮುಂದಿನ ಸಲ ಅವರು ಬಾಯಿ ಬಿಡುವುದಿಲ್ಲ. ನಿಲ್ಲಿಸುವ ಹಕ್ಕು ಕೊಟ್ಟರೆ ನಿಜವಾಗಿ ಕೊಡಿ, ಮೋಡ ಕವಿದ ದಿನವೂ ಅದು ನಡೆಯಲಿ.

ನಮ್ಮ ಗುಂಪು ಈ ಸಲ ಎತ್ತಿರುವ ಮಾತು ಟಂಟಂ ಬಗ್ಗೆ. ಐದಾರು ಮಂದಿ ಹಿಡಿಯುವ ಗಾಡಿಯಲ್ಲಿ ಹದಿನೈದು ಮಂದಿಯನ್ನು ತುಂಬಿ ದೂರದ ಹೊಲಕ್ಕೆ ಒಯ್ಯುವುದು ನಮ್ಮ ಕಡೆ ಎಲ್ಲೆಲ್ಲೂ ಇದೆ. ಎರಡು ಖೇಪು ಮಾಡಿಸಬೇಕು ಅಂತಾರೆ. ಬಾಡಿಗೆ ಹೆಚ್ಚಾಗುತ್ತದೆ, ನಾಲ್ಕು ರೈತರು ಹಂಚಿಕೊಂಡರೆ ತಡೆದೀತು. ಇಬ್ಬರು ಒಪ್ಪಿದ್ದಾರೆ, ಇಬ್ಬರ ಜೊತೆ ಮಾತು ನಡೆದಿದೆ. ನಿಮ್ಮ ಊರಲ್ಲಿ ಇದಕ್ಕೆ ಯಾರಾದರೂ ಒಳ್ಳೆಯ ದಾರಿ ಕಂಡಿದ್ದರೆ ಪತ್ರಿಕೆಗೆ ಬರೆಯಿರಿ. ಹಿಂಗಾರಿ ಸುಗ್ಗಿಗೆ ಮುಂಚೆ ನಮಗೆ ಅದು ಬೇಕಾಗಿದೆ.